ಹಗ್ಗ ಮುಟ್ಟದೆ ಎಬ್ಬಿಸಿದ ಶಾಮಿಯಾನ

ಒಂದು ಹಗ್ಗವನ್ನೂ ಮುಟ್ಟದೆ, ಒಂದು ಗೂಟವನ್ನೂ ಬಡಿಯದೆ, ಇಡೀ ಊರು ಕೂತು ಉಣ್ಣುವಷ್ಟು ದೊಡ್ಡ ಶಾಮಿಯಾನವನ್ನು ನಾನು ಎಬ್ಬಿಸಿ ನಿಲ್ಲಿಸಿದ್ದೇನೆ. ನಂಬುವುದಿಲ್ಲ ತಾನೇ? ನಂಬಬೇಡಿ. ಪೂರಾ ಕೇಳಿದ ಮೇಲೂ ನಂಬದೆ ಇರಿ ನೋಡೋಣ.

ನಾನು ಫಕ್ಕೀರೇಶ, ಹಾವೇರಿ ಸೀಮೆಯ ಹಳ್ಳಿಯವನು. ಮೈಯಲ್ಲಿ ಕಸುವಿದೆ, ಅದನ್ನು ಮುಚ್ಚಿಡುವ ಜಾಯಮಾನ ನನ್ನದಲ್ಲ. ಇಬ್ಬರು ಹೊರುವ ಕಬ್ಬಿಣದ ಕಂಬವನ್ನು ಒಬ್ಬನೇ ಹೆಗಲಿಗೆ ಏರಿಸುತ್ತೇನೆ. ರಾಣೇಬೆನ್ನೂರಿನ ಗುರುಶಾಂತಪ್ಪ ಸಾವ್ಕಾರರ ಶಾಮಿಯಾನದ ಕೆಲಸಕ್ಕೆ ಸೇರಿದ ವರ್ಷವೇ ಗಾಳಿ ಬೀಸುವ ಕಡೆಯ ಹಗ್ಗ ನನ್ನ ಪಾಲಿಗೆ ಬಂತು. ಅದು ಗಟ್ಟಿಗನ ಜಾಗ.

ಶಾಮಿಯಾನ ಎಬ್ಬಿಸುವುದನ್ನು ನೀವು ನೋಡಿರಬಹುದು. ಬಟ್ಟೆಯನ್ನು ನೆಲಕ್ಕೆ ಹಾಸಿ, ಸುತ್ತಲೂ ಹಗ್ಗ ಹಿಡಿದು ನಿಲ್ಲುತ್ತೇವೆ. ಎದುರಿಗೆ ಒಬ್ಬ ನಿಂತು 'ಏಯ್ಸಾ' ಎಂದು ಕೂಗುತ್ತಾನೆ. ನಾವು 'ಹೈಸಾ' ಎಂದು ಒಟ್ಟಿಗೆ ಎಳೆಯುತ್ತೇವೆ. ಕೂಗುವವನ ಕೈಯಲ್ಲಿ ಹಗ್ಗ ಇರುವುದಿಲ್ಲ. ನಮ್ಮಲ್ಲಿ ಆ ಕೂಗು ಸಾವ್ಕಾರರದು. ತಮ್ಮ ಮಗನಿಗೂ ಅದನ್ನು ಕೊಟ್ಟವರಲ್ಲ.

ಬರಬರುತ್ತ ಕೆಲಸ ಬೆಳೆಯಿತು. ಹಿರೇಕೆರೂರಿನ ಕಡೆಯಿಂದಲೂ ಜನ ಕರೆಯತೊಡಗಿದರು. ಸಾವ್ಕಾರರು ಒಂದೂರಲ್ಲಿ ಕೂಗಿ, ಜೀಪು ಹತ್ತಿ ಇನ್ನೊಂದೂರಿಗೆ ಓಡುತ್ತಿದ್ದರು. ಅವರು ಬರುವ ತನಕ ಅಲ್ಲಿನವರು ಬಟ್ಟೆ ಹಾಸಿಕೊಂಡು ಬಿಸಿಲಲ್ಲಿ ಕಾಯಬೇಕಿತ್ತು.

ಒಂದು ದಿನ ನನ್ನನ್ನು ಕರೆದರು. "ಫಕ್ಕೀರ್ಯಾ, ಮುಹೂರ್ತ ಎಲ್ಲಾ ಕಡೆ ಒಂದ ಬರ್ತಾವ. ನನಗಿರೋದು ಒಂದ ಗಂಟಲು. ಹಿರೇಕೆರೂರಿಗೆ ಬ್ಯಾರೆ ತಂಡ ಮಾಡಬೇಕಂತೀನಿ. ಅದಕ್ಕ ಮುಂದಾಳು ಬೇಕು."

"ನನ್ನ ಬಿಟ್ರ ಬ್ಯಾರೆ ಯಾರದಾರ್ರೀ?" ಎಂದೆ ಎದೆಯುಬ್ಬಿಸಿ.

"ನಾಳೆ ಸಾಲಿ ಬಯಲಿನ ಮದುವಿಗೆ ನೀನ ಕೂಗು. ಆದ್ರ ಹಗ್ಗಕ್ಕ ಕೈ ಹಚ್ಚಿದ್ಯೋ, ಹಿರೇಕೆರೂರು ಮರ್ತುಬಿಡು."

"ಬರೇ ನಿಂದ್ರಾಕ ನಾನೇನು ಮದುಮಗನೇನ್ರೀ?"

"ಮದುಮಗನಿಗೆ ತಾಳಿ ಕಟ್ಟೋ ಕೆಲಸಾದ್ರೂ ಇರ್ತೈತಿ. ನಿನಗ ಅದೂ ಇಲ್ಲ, ಹೋಗಲೇ!" ಎಂದು ನಕ್ಕರು.

ಮರುದಿನ ಶಾಲೆಯ ಬಯಲಿನಲ್ಲಿ ನನ್ನ ಹಗ್ಗವನ್ನು ಮೌಲಾಲಿಯ ಕೈಗೆ ಕೊಟ್ಟೆ. ಅವನು ನನ್ನ ಓರಗೆಯವನು, ಸಣಕಲ. ನಾನವನನ್ನು ಊದಿನಕಡ್ಡಿ ಎಂದೇ ಕರೆಯುವುದು.

"ಗಟ್ಟಿ ಹಿಡಿಯಪಾ ಊದಿನಕಡ್ಡಿ, ಗಾಳಿಗೆ ಹಾರಿಗೀರಿ ಹೋದಿ."

"ಹಾರಿದ್ರ ನಿನ್ನ ತಲಿ ಮ್ಯಾಲೇ ಇಳೀತೀನಿ, ಚಿಂತಿ ಮಾಡಬ್ಯಾಡ."

ಕೂಗಿದೆ. ನನ್ನ ಗಂಟಲೂ ಏನು ಕಡಿಮೆಯಲ್ಲ, ಆಚೆ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಬಟ್ಟೆ ಮೇಲೇಳತೊಡಗಿತು. ಕೈ ಮಾತ್ರ ತುರಿಸುತ್ತಿತ್ತು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಆಗ ಒಂದು ವಿಷಯ ಕಂಡಿತು. ಇಷ್ಟು ವರ್ಷ ನಾನು ನನ್ನ ಹಗ್ಗವನ್ನು ಬಿಟ್ಟು ಬೇರೇನನ್ನೂ ನೋಡಿರಲೇ ಇಲ್ಲ. ಇಡೀ ಶಾಮಿಯಾನ ಏಳುವುದನ್ನು ನೋಡಿದ್ದು ಅದೇ ಮೊದಲು.

ಅರ್ಧ ಎದ್ದಿತ್ತು. ಅಷ್ಟರಲ್ಲಿ ಪಡುವಣದಿಂದ ಗಾಳಿ ನುಗ್ಗಿತು. ಬಟ್ಟೆ ಹೊಟ್ಟೆಯುಬ್ಬಿಸಿಕೊಂಡಿತು, ಕಂಬಗಳು ವಾಲಿದವು. ನಡುಗಂಬ ಹಿಡಿದವರು ಇನ್ನೂ ಒಳಗೇ ಇದ್ದರು. ಮೌಲಾಲಿಯ ಕಾಲು ಜಾರುತ್ತಿತ್ತು.

"ಬಾರೋ ಮಾರಾಯಾ! ಹಗ್ಗ ನಿಲ್ಲವಲ್ದು!" ಎಂದು ಕಿರುಚಿದ.

ಹೋಗಿದ್ದರೆ ಹಿಡಿಯುತ್ತಿದ್ದೆ, ಅದರಲ್ಲಿ ಸಂಶಯ ಬೇಡ. ಒಂದು ಕಾಲು ಮುಂದಿಟ್ಟೂ ಇದ್ದೆ. ಆದರೆ ಮೂಡಣದ ಕಡೆಯವರು ಗಾಳಿ ಯಾವ ಕಡೆಯದು ಎಂದು ತಿಳಿಯದೆ ಇನ್ನೂ ಜೋರಾಗಿ ಎಳೆಯುತ್ತಿದ್ದರು. ನಾನು ಹಗ್ಗ ಹಿಡಿದರೆ ಅವರಿಗೆ ಸಡಿಲ ಬಿಡಿ ಎನ್ನುವವರು ಯಾರು? ಹಿರೇಕೆರೂರು ಹಾಳಾಗಲಿ, ಒಳಗಿದ್ದವರು ಉಳಿಯಬೇಕಲ್ಲ! ಇಟ್ಟ ಕಾಲನ್ನು ಹಿಂದಕ್ಕೆ ತೆಗೆದೆ.

"ಮೂಡಣದವರು ಸಡಿಲ ಬಿಡ್ರೀ! ಮೌಲಾಲಿ, ನೆಲಕ್ಕ ಕೂತು ಹಿಡಿ!"

ಅವನ ಹಿಂದೆ ಇನ್ನೊಬ್ಬರು ಬೇಕಿತ್ತು. ಸುತ್ತ ನೋಡಿದೆ. ಎಲ್ಲರ ಕೈಯಲ್ಲೂ ಹಗ್ಗ. ನಮ್ಮವರಲ್ಲಿ ಖಾಲಿ ಇದ್ದವರು ಒಬ್ಬರೇ, ನನ್ನ ಕೂಗು ನೋಡಲು ಬಂದು ಬೀಗರ ಜೊತೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದವರು.

"ಸಾವ್ಕಾರ್ರೇ! ಕೂತು ಏನ್ ನೋಡ್ತೀರಿ? ಏಳ್ರೀ, ಪಡುವಣದ ಹಗ್ಗ ಹಿಡೀರಿ!"

ಬೀಗರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಸಾವ್ಕಾರರು ಲೋಟ ಇಟ್ಟರು, ಧೋತರ ಎತ್ತಿ ಕಟ್ಟಿದರು, ಓಡಿಹೋಗಿ ಮೌಲಾಲಿಯ ಹಿಂದೆ ಹಗ್ಗ ಹಿಡಿದು ಕೂತರು. ನಾನು 'ಏಯ್ಸಾ' ಎಂದೆ. ಎಲ್ಲರ ಜೊತೆ ಅವರೂ 'ಹೈಸಾ' ಎಂದರು. ಗಾಳಿ ತಗ್ಗಿತು. ಶಾಮಿಯಾನ ನೆಟ್ಟಗೆ ನಿಂತಿತು. ಒಳಗಿದ್ದವರು ಮೈ ಕೊಡವಿಕೊಂಡು ಹೊರಗೆ ಬಂದರು.

ಮೌಲಾಲಿಯ ಅಂಗೈ ಸುಲಿದಿತ್ತು. ಅಡುಗೆಯವರಿಂದ ಕೊಬ್ಬರಿ ಎಣ್ಣೆ ತಂದು ನಾನೇ ಹಚ್ಚಿದೆ. "ಇವತ್ತ ನೀ ನನ್ನ ಮಾನ ಉಳಿಸಿದಿ ನೋಡಪಾ," ಎಂದೆ.

"ನೀ ಓಡಿ ಬಂದಿದ್ರ ನಾ ಹಗ್ಗ ಬಿಟ್ಟೇ ಬಿಡ್ತಿದ್ದೆ," ಎಂದ ಅವನು. "ಬರಲಿಲ್ಲ, ಅದಕ್ಕ ಹಿಡಿದೆ."

ನಾನು ಸಾವ್ಕಾರರ ಕಾಲು ಮುಟ್ಟಲು ಹೋದೆ. "ತಪ್ಪು ತಿಳೀಬ್ಯಾಡ್ರೀ, ಬಾಯಿ ಜೋರಾತು."

ಅವರು ಕೆಂಪಗಾದ ಅಂಗೈಗೆ ಉಫ್ ಎಂದು ಊದಿಕೊಳ್ಳುತ್ತ ನಕ್ಕರು. "ಕೈ ಉರಿಯಾಕತ್ತಾವು, ಹೊಟ್ಟಿ ತಣ್ಣಗಾತು. ಇಷ್ಟು ದಿನ ಎಲ್ಲಾರಿಗೂ ಎಳೆಯೋದು ಕಲಿಸಿದೆ, ಕೂಗೋದು ಯಾರಿಗೂ ಕಲಿಸಿದ್ದಿಲ್ಲ. ಇನ್ನ ಹಿರೇಕೆರೂರಿಗೆ ನಾ ಬರಂಗಿಲ್ಲ. ಅಲ್ಲಿ ನೀನ."

ನನ್ನ ಹೊಗಳಿಕೆ ನಾನೇ ಎಷ್ಟು ಬೇಕಾದರೂ ಮಾಡಿಕೊಂಡೇನು. ಆದರೆ ಅಷ್ಟು ಮಂದಿಯ ಎದುರು ಆಳಿನ ಮಾತಿಗೆ ಎದ್ದು ಬಂದ ಆ ದೊಡ್ಡ ಮನುಷ್ಯನ ಋಣ ಈ ಜನ್ಮದಲ್ಲಿ ತೀರುವುದಿಲ್ಲ. ಹೆತ್ತ ಮಗನಿಗೂ ಕೊಡದ ಕೂಗನ್ನು ಅವರು ನನಗೆ ಕೊಟ್ಟರು. ಅದರ ಜೊತೆಗೆ ಹಿರೇಕೆರೂರಿನ ತಂಡವನ್ನೂ ಕೊಟ್ಟರು.

ನೀತಿ: ಮುಂದಾಳಾಗುವವನು ತನ್ನ ಕೈಯ ಹಗ್ಗವನ್ನು ಇನ್ನೊಬ್ಬರಿಗೆ ನಂಬಿ ಕೊಡಬೇಕು. ಮುಂದಾಳುಗಳನ್ನು ಬೆಳೆಸುವ ಯಜಮಾನ ತನ್ನ ಕೂಗನ್ನೇ ಬಿಟ್ಟುಕೊಡಬೇಕು. ಉದ್ಯೋಗ ದೊಡ್ಡದಾಗುವುದು ಹಾಗೆ.