'ಏರಿಸು' ಅಂದರು ಅಕ್ಕಾರು

ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮಕ್ಕೆ ಅಂಟಿಕೊಂಡು ಒಂದು ದವಾಖಾನೆ. ದವಾಖಾನೆಯ ಹಿಂದೆ ನರ್ಸಿಂಗ್ ಕಲಿಯುವ ಹುಡುಗಿಯರ ಶಾಲೆ.

ಅಲ್ಲಿ ಕಲಿಸುತ್ತಿದ್ದವರು ಇಂದುಮತಿ ಅಕ್ಕಾರು. ಆ ಸೀಮೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಅಕ್ಕಾರು ಎಂದೇ ಕರೆಯುತ್ತಾರೆ. ಅವರ ತಲೆ ನರೆತಿತ್ತು, ನಾಲಿಗೆ ನರೆತಿರಲಿಲ್ಲ.

ಶಾಲೆಗೆ ಸೇರಿದ ಮೊದಲ ದಿನವೇ ಪ್ರತಿ ಹುಡುಗಿಯೂ ಅವರ ಕಾಲು ಮುಟ್ಟಿ, 'ನಿಮ್ಮ ಮಾತು ಮೀರಂಗಿಲ್ಲ' ಅನ್ನಬೇಕು. ಅದು ಆಶ್ರಮದ ಪದ್ಧತಿ.

ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಅಕ್ಕಾರು ದಿನಾ ಸಂಜೆ ಹುಡುಗಿಯರನ್ನು ಹೊಳೆಯ ಮೆಟ್ಟಿಲ ಮೇಲೆ ಕೂಡಿಸಿಕೊಂಡು ಉಜಳಣಿ ಮಾಡಿಸುತ್ತಿದ್ದರು. ಓದಿದ್ದನ್ನೆಲ್ಲ ಮೊದಲಿನಿಂದ ಮತ್ತೊಮ್ಮೆ ತಿಕ್ಕಿ ತೊಳೆಯುವ ಕೆಲಸ. ಅದು ಮುಗಿದ ಮೇಲೆ ಅಕ್ಕಾರು 'ಹೂಂ' ಅಂದರೆ ಪರೀಕ್ಷೆಗೆ ಕೂರಬಹುದು. ಅನ್ನದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ಮಹಾನಂದಾಳಿಗೆ ಹೋದ ವರ್ಷ ಅವರು ಹೂಂ ಅಂದಿರಲಿಲ್ಲ. ಈ ವರ್ಷವೂ ಅನ್ನದಿದ್ದರೆ ಅವಳು ಗಂಟು ಕಟ್ಟಿಕೊಂಡು ಊರಿಗೆ ಹೊರಡಬೇಕು. ಮೂರನೆಯ ಸಲ ಯಾರನ್ನೂ ಇಟ್ಟುಕೊಳ್ಳುವುದಿಲ್ಲ.

ಹುಡುಗಿ ದಡ್ಡಿಯಲ್ಲ. ಪುಸ್ತಕವನ್ನು ಅರೆದು ಕುಡಿದಿದ್ದಳು. ಬಾಯಿಯೂ ಜೋರು. ಅಡುಗೆಯವಳ ಜೊತೆ ಸಾರಿನ ಉಪ್ಪಿಗೂ ವಾದ, ವಾರ್ಡನ್ ಜೊತೆ ಬಾಗಿಲ ಚಿಲಕಕ್ಕೂ ವಾದ. ಆದರೆ ಬಿಳಿ ಕೋಟು ಕಂಡರೆ, ಅಕ್ಕಾರ ಸೀರೆಯ ನೆರಿಗೆ ಕಂಡರೆ, ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದಳು.

ಆ ಸಂಜೆ ಅಕ್ಕಾರು ಅವಳನ್ನೇ ಮುಂದೆ ಕೂಡಿಸಿಕೊಂಡರು.

"ಸಕ್ಕರಿ ರೋಗದಾಂವ ಬೆವತು ನಡಗಾಕತ್ತಾನ. ಏನಾಗೈತಿ?"

"ಮೈಯಾನ ಸಕ್ಕರಿ ಇಳದೈತ್ರಿ. ಎಚ್ಚರ ಇದ್ರ ಸಕ್ಕರಿ ನೀರು ಕುಡಸಬೇಕ್ರಿ. ಎಚ್ಚರ ಇಲ್ಲಂದ್ರ ಬಾಯಾಗ ಏನೂ ಹಾಕಬಾರ್ದ್ರಿ."

"ಹುಟ್ಟಿದ ಕೂಸು ಅಳವಲ್ದು."

"ಒರಸಿ ಬೆಚ್ಚಗ ಮಾಡಬೇಕ್ರಿ. ಬೆನ್ನು ತಿಕ್ಕಬೇಕ್ರಿ. ಆದರೂ ಉಸರಾಡದಿದ್ರ ಒಂದು ನಿಮಿಷದೊಳಗ ಚೀಲ ಒತ್ತಿ ಉಸರು ಕೊಡಬೇಕ್ರಿ."

"ಎದಿ ಬಡಿತ ನಿಧಾನ ಮಾಡೂ ಗುಳಗಿ ಕೊಡೂ ಮೊದಲ?"

"ನಾಡಿ ಒಂದು ನಿಮಿಷ ಪೂರಾ ಎಣಸಬೇಕ್ರಿ. ಅರವತ್ತಕ್ಕಿಂತ ಕಡಿಮಿ ಇದ್ರ ಗುಳಗಿ ತಡದು, ಡಾಕ್ಟರಿಗೆ ಹೇಳಬೇಕ್ರಿ."

ಒಂದೂ ತಪ್ಪಲಿಲ್ಲ. ಅವಳ ಪಕ್ಕದ ಮೂವರು ಅಲ್ಲಲ್ಲಿ ತಡವರಿಸಿದರು. ಒಬ್ಬಳಂತೂ ಗುಳಿಗೆಯ ಹೆಸರನ್ನೇ ಮರೆತು ಅತ್ತುಬಿಟ್ಟಳು.

ಅಕ್ಕಾರು ಎದ್ದು ಸೀರೆ ಜಾಡಿಸಿಕೊಂಡರು. ತಡವರಿಸಿದ ಮೂವರಿಗೂ 'ಹೂಂ' ಅಂದರು. ಮಹಾನಂದಾಳ ಕಡೆ ತಿರುಗಿ, "ನೀ ಇನ್ನೂ ಇಲ್ಲ" ಅಂದರು.

ಮಹಾನಂದಾ ಧಡಕ್ಕನೆ ಎದ್ದಳು.

"ಏನ ತಪ್ಪ ಹೇಳಿದ್ನಿರಿ ಅಕ್ಕಾರ?"

"ಏನೂ ಇಲ್ಲ."

"ಮತ್ತ ಅಕಿ ಅತ್ತಳ್ರಿ. ಅಕಿಗೆ ಹೂಂ ಅಂದ್ರಿ."

"ಅಕಿ ಮರತದ್ದಕ್ಕ ಅಂಜಿದ್ಲು. ನೀ ಯಾತಕ್ಕೂ ಅಂಜಲಿಲ್ಲ."

"ಬಂದದ್ದಕ್ಕ ಯಾಕ ಅಂಜಬೇಕ್ರಿ?"

"ನಾಳಿ ಮುಂಜಾನೆ ವಾರ್ಡಿಗೆ ಬಾ" ಎಂದು ಅಕ್ಕಾರು ಮೆಟ್ಟಿಲು ಹತ್ತಿ ಹೋದರು.

ಮರುದಿನ ಮುಂಜಾನೆ ಗಂಡಸರ ವಾರ್ಡಿನಲ್ಲಿ ಅಕ್ಕಾರು ಅವಳ ಕೈಗೆ ಒಂದು ಬಟ್ಟಲು ಕೊಟ್ಟರು. ಬಟ್ಟಲಲ್ಲಿ ಸಣ್ಣ ಬಿಳಿ ಗುಳಿಗೆ. ಸಂಜೆ ಕೇಳಿದ್ದರಲ್ಲ, ಎದೆಯ ಬಡಿತ ನಿಧಾನ ಮಾಡುವ ಗುಳಿಗೆ, ಅದೇ. ಎದುರಿನ ಮಂಚದಲ್ಲಿ ತಿಪ್ಪಣ್ಣಜ್ಜ ಕೂತಿದ್ದ. ಹೊಳೆಯಲ್ಲಿ ದೋಣಿ ನಡೆಸಿ ಸವೆದ ಜೀವ.

"ಅಜ್ಜಗ ಕೊಡು" ಅಂದರು ಅಕ್ಕಾರು.

ಮಹಾನಂದಾ ಅಜ್ಜನ ಮುಂಗೈ ಹಿಡಿದು, ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಎಣಿಸಿದಳು. ಐವತ್ತೆರಡು.

ಅವಳು ಅಕ್ಕಾರ ಮುಖ ನೋಡಿದಳು.

"ನನ್ನ ಮಾರಿ ಏನ ನೋಡ್ತಿ? ಕೊಡು ಅಂದ್ನಿಲ್ಲ?"

"ನಾಡಿ…"

"ನಾ ಹೇಳಾಕತ್ತೀನಿ. ಕೊಡು."

ಅವಳು ಗುಳಿಗೆ ಎತ್ತಿ ಅಜ್ಜನ ಬಾಯಿಯ ತನಕ ಒಯ್ದಳು. ಅಜ್ಜ ಬಾಯಿ ತೆರೆದ. ಅಷ್ಟರಲ್ಲಿ ಅಕ್ಕಾರು ನಡುವೆ ಅಂಗೈ ಒಡ್ಡಿದರು. ಗುಳಿಗೆ ಅಂಗೈಗೆ ಬಿತ್ತು.

"ನಾಡಿ ಎಷ್ಟಿತ್ತು?"

"ಐವತ್ತೆರಡು."

"ಗೊತ್ತಿದ್ದೂ ಕೊಡಾಕ ಹೊಂಟಿದ್ದಿ."

"ನೀವ ಕೊಡು ಅಂದ್ರಿ!"

"ಹೌದು. ನಾನ ಅಂದ್ನಿ."

ಅಜ್ಜ ಇಬ್ಬರ ಮುಖವನ್ನೂ ನೋಡಿ, ತೆರೆದ ಬಾಯಿ ಮುಚ್ಚಿಕೊಂಡ.

ಮಹಾನಂದಾಳ ಕಣ್ಣು ಕೆಂಪಾದವು. ನಾಚಿಕೆ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು. ಅಕ್ಕಾರ ಮುಂದೆ ಎಂದೂ ಏರದ ಅವಳ ದನಿ ಅಂದು ಏರಿತು.

"ಇದು ಮೋಸ ಅಕ್ಕಾರ! ಬಂದ ದಿನಾನ ಕಾಲ ಮುಟ್ಟಿಸಿ, ಮಾತ ಮೀರಂಗಿಲ್ಲ ಅಂತ ಅನಿಸಿದವರು ನೀವು. ಡಾಕ್ಟರ್ ಬಂದ್ರ ತಲಿ ಎತ್ತಬ್ಯಾಡ್ರಿ ಅಂದವರು ನೀವು. ಈಗ ಮಾತ ಕೇಳಿದ್ದಕ್ಕ ತಪ್ಪ ಅಂತೀರಿ. ಮೀರಿದ್ರ ಹೊರಗ ಹಾಕ್ತೀರಿ, ಮೀರದಿದ್ರ ನಪಾಸ ಮಾಡ್ತೀರಿ. ನಾ ಏನ ಮಾಡ್ಬೇಕ್ರಿ?"

ಆ ಶಾಲೆ ಹುಟ್ಟಿದಾಗಿನಿಂದ ಅಕ್ಕಾರ ಎದುರು ಯಾರೂ ಹಾಗೆ ಮಾತಾಡಿರಲಿಲ್ಲ. ಗುರುವಿಗೇ ತಿರುಮಂತ್ರ ಹಾಕಿದಳಲ್ಲ ಎಂದು ಬಾಗಿಲಲ್ಲಿದ್ದ ಆಯಾ ಸೆರಗು ಬಾಯಿಗೆ ಒತ್ತಿಕೊಂಡಳು.

ಅಕ್ಕಾರಿಗೆ ಸಿಟ್ಟು ಬರಲಿಲ್ಲ. ಗುಳಿಗೆಯನ್ನು ಬಟ್ಟಲಿಗೆ ಹಾಕುತ್ತ ಕೇಳಿದರು:

"ಈಗ ಹೆಂಗ ಮಾತಾಡಿದಿ, ಹಂಗ ಅಜ್ಜನ ಸಲುವಾಗಿ ಮಾತಾಡಿದ್ದಿ ಏನು?"

ಮಹಾನಂದಾ ಅಜ್ಜನ ಕಡೆ ನೋಡಿದಳು.

"ನಿನ್ನ ಸಲುವಾಗಿ ಆದ್ರ ಬಾಯಿ ಬರ್ತೈತಿ" ಎಂದು ಅಕ್ಕಾರು ಬಟ್ಟಲು ತೆಗೆದುಕೊಂಡು ನಡೆದರು.

ಆ ಮಾತು ಅವಳಿಗೆ ಚೇಳು ಕುಟುಕಿದ ಹಾಗಾಯಿತು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅಕ್ಕಾರ ಮೇಲೆ ಸಿಟ್ಟು ಇಳಿಯಲಿಲ್ಲ. ಅಜ್ಜ ಬಾಯಿ ತೆರೆದದ್ದು ಕಣ್ಣಿಂದ ಹೋಗಲಿಲ್ಲ. ಅವನು ಅವಳನ್ನು ನಂಬಿ ತೆರೆದಿದ್ದ.

ಮೂರನೆಯ ದಿನ ಮಧ್ಯಾಹ್ನ ಹೆಂಗಸರ ವಾರ್ಡಿನಿಂದ ಕೂಗು ಬಂತು. ಹೆರಿಗೆಯಾದ ಒಬ್ಬ ಹೆಂಗಸಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಹೆಸರು ಯಲ್ಲವ್ವ. ಅವಳಿಗೆಂದು ಪೇಟೆಯಿಂದ ರಕ್ತದ ಚೀಲ ತರಿಸಿದ್ದರು. ಮಹಾನಂದಾಳನ್ನು ಅಲ್ಲಿಗೆ ಓಡಿಸಿದರು.

ಅವಳು ಹೋಗುವ ಹೊತ್ತಿಗೆ ಅಕ್ಕಾರು ಕಿಟಕಿಯ ಪಕ್ಕದ ಮಂಚದ ಹತ್ತಿರ ಚೀಲ ಹಿಡಿದು ನಿಂತಿದ್ದರು. ಮಂಚದ ಮೇಲಿದ್ದ ಹೆಂಗಸು ಆಶ್ರಮದ ಕಂಬಳಿ ಹೊದ್ದು, ಸೆರಗು ಹಣೆಯ ತನಕ ಎಳೆದುಕೊಂಡು ಮಲಗಿದ್ದಳು. ಮುಖ ಸುಣ್ಣದಂತೆ ಬಿಳಿಚಿತ್ತು.

ಇಬ್ಬರೂ ಕೂಡಿ ಓದಿದರು. ಚೀಲದ ಮೇಲೆ: ಯಲ್ಲವ್ವ, ಗಂಡ ಫಕೀರಪ್ಪ, ಬಿ ಗುಂಪು. ಮಂಚದ ಕಾಲಿಗೆ ತೂಗಿದ್ದ ಫೈಲಿನಲ್ಲೂ ಅದೇ. ತಾರೀಖೂ ಸರಿ, ನಂಬರೂ ಸರಿ.

"ಯಲ್ಲವ್ವ ಹೌದಲ್ಲ ತಂಗಿ?" ಅಕ್ಕಾರು ಕೇಳಿದರು.

"ಹೂಂ" ಅಂದಳು ಹೆಂಗಸು.

"ಆತು. ಏರಿಸು."

ಸೂಜಿ ಆಗಲೇ ಹೆಂಗಸಿನ ಕೈಗೆ ಇಳಿದಿತ್ತು. ನಳಿಕೆಯ ಗಾಲಿ ತಿರುಗಿಸಿದರೆ ರಕ್ತ ಇಳಿಯುತ್ತಿತ್ತು. ಮಹಾನಂದಾ ಗಾಲಿಯ ಮೇಲೆ ಬೆರಳಿಟ್ಟಳು, ತಿರುಗಿಸಲಿಲ್ಲ. 'ಇಂಥವಳು ಹೌದಲ್ಲ' ಎಂದು ಕೇಳಬಾರದು, ನಿತ್ರಾಣವಾದವರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಅವರ ಬಾಯಿಂದಲೇ ಪೂರ್ತಿ ಹೆಸರು ಹೇಳಿಸಬೇಕು. ಹೀಗೆಂದು ಕಲಿಸಿದವರು ಇದೇ ಅಕ್ಕಾರು.

"ಅವ್ವಾ, ನಿಮ್ಮ ಯಜಮಾನರ ಹೆಸರೇನ್ರಿ?"

ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದಳು.

"ಗಂಡನ ಹೆಸರು ಹೇಳಂಗಿಲ್ಲ ಅಕಿ. ನಿನಗ ಗೊತ್ತಿಲ್ಲೇನು?" ಅಕ್ಕಾರು ಅವಸರಪಟ್ಟರು. "ನಿನ್ನೆ ಈ ಮಂಚಕ್ಕ ಅಕಿನ್ನ ಹಾಕಿದಾಕಿ ನಾನ. ಏರಿಸು."

"ಹೆಸರು ಕೇಳದ ಏರಸಂಗಿಲ್ರಿ."

"ಮಹಾನಂದಾ, ಹೊತ್ತ ಹೊಂಟೈತಿ."

"ಗೊತ್ತೈತ್ರಿ."

ಆಪರೇಷನ್ ಕೋಣೆಯಿಂದ ಡಾಕ್ಟರು ಕೂಗಿದರು: "ರಕ್ತ ಏರಿತೇನು? ಇನ್ನೂ ಏನ ಮಾಡಾಕತ್ತೀರಿ?"

"ಏರಿಸು!" ಅಂದರು ಅಕ್ಕಾರು. ಅವರ ಕೈ ಗಾಲಿಯತ್ತ ಬಂತು.

ಮೊನ್ನೆಯದು ಪರೀಕ್ಷೆ. ಇವತ್ತಿನದೂ ಪರೀಕ್ಷೆಯೋ ಏನೋ, ಅವಳಿಗೆ ತಿಳಿಯಲಿಲ್ಲ. ತಿಳಿದು ಆಗಬೇಕಾದ್ದೂ ಏನಿರಲಿಲ್ಲ. ಅವಳು ನಳಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಅಕ್ಕಾರ ಮತ್ತು ಮಂಚದ ನಡುವೆ ನಿಂತಳು.

"ಒಲ್ಲೆನ್ರಿ ಅಕ್ಕಾರ."

"ಏನಂದಿ?"

"ಒಲ್ಲೆ ಅಂದ್ನಿರಿ. ನೀವು ಹೇಳಿದ್ರೂ ಒಲ್ಲೆ, ಡಾಕ್ಟರ್ ಹೇಳಿದ್ರೂ ಒಲ್ಲೆ. ಪರೀಕ್ಷಾಕ್ಕ ಕೂಡಸಬ್ಯಾಡ್ರಿ, ಊರಿಗೆ ಕಳಸ್ರಿ. ಈ ಅವ್ವ ಬಾಯಿ ಬಿಡೂ ತನಕ ಈ ನಳಿಗಿ ಬಿಡಂಗಿಲ್ಲ."

ಅಕ್ಕಾರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

ಮಹಾನಂದಾ ಹೆಂಗಸಿನ ಕಿವಿಯ ಹತ್ತಿರ ಬಗ್ಗಿದಳು.

"ಅವ್ವಾ, ಬರೀ ಹೆಸರು ಹೇಳಬ್ಯಾಡ್ರಿ. ಒಡಪ ಹಾಕಿ ಹೇಳ್ರಿ. ಮದವ್ಯಾಗ ಹೇಳೀರಲ್ಲ, ಹಂಗ."

ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳದ ಆ ಸೀಮೆಯ ಹೆಂಗಸರು ಒಡಪಿನಲ್ಲಿ, ಅಂದರೆ ಪ್ರಾಸದ ಎರಡು ಸಾಲಿನಲ್ಲಿ ಕಟ್ಟಿ ಹೇಳುತ್ತಾರೆ. ಮದುವೆಯಲ್ಲಿ, ಸೀಮಂತದಲ್ಲಿ ಎಲ್ಲರೂ ಬಾಗಿಲು ಅಡ್ಡ ಹಾಕಿ ಹೇಳಿಸುತ್ತಾರೆ. ದವಾಖಾನೆಯ ಮಂಚದ ಮೇಲೆ ಹೇಳಿಸಿದ್ದು ಅದೇ ಮೊದಲಿರಬೇಕು. ಪಕ್ಕದ ಮಂಚದ ಮುದುಕಿಗೂ ಹುರುಪು ಬಂತು. "ಹೇಳ ಯಲ್ಲಿ, ನಾಚಬ್ಯಾಡ" ಅಂದಳು.

ಹೆಂಗಸಿನ ಒಣಗಿದ ತುಟಿ ಅಲುಗಿದವು.

"ಅರಿಷಿಣ ಬಣ್ಣದ ಸೀರಿಗೆ ಹಸರ ದಡಿ ಚೆಂದ,
ನಿಂಗಪ್ಪರ ಹೆಸರ ಹೇಳತೀನಿ ನಾಕು ಮಂದಿ ಮುಂದ."

ಮುದುಕಿ ನಕ್ಕಳು. ಮಹಾನಂದಾ ನಗಲಿಲ್ಲ. ಚೀಲದ ಮೇಲೆ ಫಕೀರಪ್ಪ ಎಂದಿತ್ತು.

"ಇನ್ನೊಬ್ಬ ಯಲ್ಲವ್ವ ಅದಾಳೇನ್ರಿ ಇಲ್ಲಿ?" ಅವಳು ಕೂಗಿದಳು.

"ಬಾಗಲ ಕಡೆ ಹಾಕ್ಯಾರಲ್ಲ" ಅಂದಳು ಮುದುಕಿ. "ಭಾಳ ರಕ್ತ ಹೋಗಾಕತ್ತಿತ್ತು, ಡಾಕ್ಟರಿಗೆ ಹತ್ತರ ಇರಲಿ ಅಂತ ಆಯಾ ಈಗಷ್ಟ ಅಲ್ಲಿಗೆ ಹಾಕಿದ್ಲು. ಆ ಬಾಗಲ ಕಡೆ ಇದ್ದಾಕಿನ್ನ ಇಲ್ಲಿಗೆ ತಂದ್ಲು. ಇಬ್ಬರೂ ಒಂದ ಊರಿನವರು. ನಮ್ಮೂರಾಗ ಮನಿಗೊಂದು ಯಲ್ಲವ್ವ."

ಮಂಚ ಬದಲಾಗಿತ್ತು, ಫೈಲು ಬದಲಾಗಿರಲಿಲ್ಲ. ನಿಂಗಪ್ಪನ ಯಲ್ಲವ್ವ ರಕ್ತ ಕಡಿಮೆಯೆಂದು ಬಂದು ಮಲಗಿದವಳು. ಅವಳದು ಓ ಗುಂಪು. ಈ ಚೀಲ ಅವಳ ಮೈಗೆ ಇಳಿದಿದ್ದರೆ ಬಾಗಿಲ ಬಳಿ ಒಬ್ಬಳು, ಕಿಟಕಿಯ ಬಳಿ ಒಬ್ಬಳು, ಇಬ್ಬರೂ ಹೋಗುತ್ತಿದ್ದರು.

ಮಹಾನಂದಾ ಚೀಲ ಹಿಡಿದು ಬಾಗಿಲ ಬಳಿಯ ಮಂಚಕ್ಕೆ ಓಡಿದಳು. ಅಲ್ಲಿದ್ದವಳಿಗೆ ಒಡಪು ಕಟ್ಟುವಷ್ಟು ಶಕ್ತಿಯೂ ಇರಲಿಲ್ಲ. ಹೊರಗೆ ಕೂತಿದ್ದ ಗಂಡನನ್ನೇ ಎಳೆದು ತಂದು ಹೆಸರು ಹೇಳಿಸಿದರು. ಫಕೀರಪ್ಪ. ಗುಂಪನ್ನು ಮತ್ತೆ ನೋಡಿದರು. ಅಕ್ಕಾರು ಓದಿದರು, ಮಹಾನಂದಾ ಓದಿದಳು. ಆಮೇಲೆ ಗಾಲಿ ತಿರುಗಿತು.

ಸಂಜೆಯ ಹೊತ್ತಿಗೆ ಫಕೀರಪ್ಪನ ಯಲ್ಲವ್ವ ಕಣ್ಣು ತೆರೆದು ಕೂಸು ಕೇಳಿದಳು.

ಮಹಾನಂದಾ ಕೈ ತೊಳೆದು ಹೊಳೆಗೆ ಇಳಿದಳು. ಅಕ್ಕಾರು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದರು. ಉಳಿದ ಹುಡುಗಿಯರು ಯಾರೂ ಇರಲಿಲ್ಲ.

ಅವಳು ಹತ್ತಿರ ಹೋದದ್ದು ನೋಡಿ ಅಕ್ಕಾರು, "ಹೂಂ" ಅಂದರು. "ಹೋಗಿ ಪರೀಕ್ಷಾ ಬರಿ."

ಮಹಾನಂದಾಳಿಗೆ ಕುಣಿಯುವಷ್ಟು ಸಂತೋಷವಾಯಿತು. ಮೂರು ದಿನದ ಸಿಟ್ಟು ಎಲ್ಲಿ ಹೋಯಿತೋ. ಅಕ್ಕಾರ ಕಾಲು ಮುಟ್ಟಲು ಬಗ್ಗಿದಳು. ಅಕ್ಕಾರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಅದು ಸಾಕು ಇನ್ನ. ನಾಳಿಂದ ಯಾರ ಕಡೆಯಿಂದಾನೂ ಮುಟ್ಟಸಂಗಿಲ್ಲ."

ಅವಳು ಪಕ್ಕದಲ್ಲಿ ಕೂತಳು. ಗೆದ್ದ ಹುಡುಗಿ, ಬಾಯಿ ಸುಮ್ಮನಿರಲಿಲ್ಲ.

"ಅಕ್ಕಾರ, ಗುಳಗಿ ಪರೀಕ್ಷಾದಾಗ ಬಿದ್ನಿರಿ, ಒಪ್ಪತೀನಿ. ಆದ್ರ ಇವತ್ತಿನ ಪರೀಕ್ಷಾ ಭಾಳ ಬಿರುಸಿತ್ತು. ಮಂಚ ಬದಲ ಮಾಡಿದ್ದು, ಫೈಲು ಹಂಗ ಬಿಟ್ಟಿದ್ದು, ನೀವು ಅಷ್ಟು ಜೋರ ಏರಿಸು ಅಂದದ್ದು… ಒಂದು ಚೂರೂ ಗೊತ್ತಾಗಲಿಲ್ರಿ. ನಾ ಗಾಲಿ ತಿರವಿದ್ದರ ಮೊನ್ನಿನಂಗ ನೀವು ಕೈ ಅಡ್ಡ ತರ್ತಿದ್ರಿ, ಹೌದಲ್ಲರಿ?"

ಅಕ್ಕಾರು ತಮ್ಮ ಎರಡೂ ಕೈಗಳನ್ನು ನೀರಿಗೆ ಬಿಟ್ಟರು.

"ನಾ ಖರೇನ ಏರಿಸು ಅಂದಿದ್ನೆವ್ವಾ."