ಎರಡು ಬೆರಳು ಹೆಚ್ಚು

"ಕಟ್ಟಡ ನಿಲ್ಲಿಸೋದು ಲೆಕ್ಕ ತಾನೆ ಸಾರ್? ಮತ್ತೆ ಸಿವಿಲ್ ಓದೋ ನಮಗೆ ಮಾನವೀಯ ಮೌಲ್ಯಗಳ ಕ್ಲಾಸು ಯಾಕೆ?"

ಕೇಳಿದವಳು ಸಿಂಚನಾ. ಹಿಂದಿನ ದಿನ ಅವಳ ತಂಡ ಕಾಲೇಜಿನ ನೆಲದ ಏರುತಗ್ಗು ಅಳೆದಿತ್ತು. ಬೇವಿನ ಮರದಡಿಯ ಕಲ್ಲಿನಿಂದ ಹೊರಟು, ಹಾಸ್ಟೆಲ್ ಬಳಸಿ, ಅದೇ ಕಲ್ಲಿಗೆ ಬಂದು ಮುಗಿಸಿತ್ತು. ಆ ರೆಕಾರ್ಡಿಗೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಸಹಿಗೆಂದು ಪೆನ್ನು ಬಿಚ್ಚಿದ ತಿಪ್ಪೇಶಪ್ಪ ಮೇಷ್ಟ್ರು ಅದನ್ನು ಹಾಗೆಯೇ ಹಿಡಿದುಕೊಂಡು, "ಕೂತ್ಕೋಮ್ಮ, ನಡೆದ ಕತೆ ಒಂದು ಹೇಳ್ತೀನಿ" ಎಂದರು. ಅವರ ನಡೆದ ಕತೆಗಳು ಪ್ರತಿ ವರ್ಷ ಬೇರೆ ಬೇರೆ ಊರಲ್ಲಿ ನಡೆಯುತ್ತವೆ.

ಒಬ್ಬ ಪಟೇಲ ಕೆರೆಯಿಂದ ಕಾಲುವೆ ತೋಡಿಸಲು ಹೊರಟ. ಕೆರೆಯಿಂದ ಕೊನೆಯ ಹೊಲಕ್ಕೆ ಮೂರು ಹರದಾರಿ. ಹೋದ ವರ್ಷ ಮೇಷ್ಟ್ರು ಹೇಳಿದಾಗ ಎರಡೇ ಇತ್ತು. ಇಳಿಜಾರು ಬೆರಳಷ್ಟು ತಪ್ಪಿದರೂ ಕೊನೆಯ ಹೊಲಕ್ಕೆ ನೀರಿಲ್ಲ. ಕೆಲಸ ಕೇಳಿಕೊಂಡು ಇಬ್ಬರು ಅಳತೆಗಾರರು ಬಂದರು. ಒಬ್ಬ ಹೆಸರುವಾಸಿ. ಇನ್ನೊಬ್ಬ ವರ್ಷದಿಂದ ಕೆಲಸವಿಲ್ಲದೆ ಕೂತವನು. ಪಟೇಲ ಕೆರೆಯ ತೂಬಿನ ಪಕ್ಕದ ಒಂದು ಕಲ್ಲು ತೋರಿಸಿದ.

"ಇಲ್ಲಿಂದ ಹೊರಡಿ. ಕೊನೆಯ ಹೊಲ ಮುಟ್ಟಿ, ಅಳೆಯುತ್ತಲೇ ಇದೇ ಕಲ್ಲಿಗೆ ಬನ್ನಿ. ಯಾರ ಅಳತೆ ನಂಬಬಹುದೋ ಅವರಿಗೆ ಕೆಲಸ."

ಹೊರಟ ಕಲ್ಲಿಗೇ ಮರಳಿದರೆ ಹೊರಟ ಎತ್ತರವೇ ಸಿಗಬೇಕು. ಮೂರನೆಯ ದಿನ ಇಬ್ಬರೂ ಮರಳಿದರು. ಕೆಲಸವಿಲ್ಲದವನಿಗೆ ಎರಡು ಬೆರಳು ಹೆಚ್ಚು ಬಂತು. ಬರೆದುಕೊಂಡದ್ದನ್ನು ಮೂರು ಸಲ ಕೂಡಿದ. ಮೂರು ಸಲವೂ ಎರಡು ಬೆರಳು. ಹೆಸರುವಾಸಿ ಇಣುಕಿ ನೋಡಿ ನಕ್ಕ.

"ನಂಗೂ ಅಷ್ಟೇ ಬಂತು ಕಣಯ್ಯ. ಅಲ್ಲೊಂದು ಅಂಕಿ, ಇಲ್ಲೊಂದು ಅಂಕಿ ತಿದ್ದಿದೆ, ಸರಿಹೋಯ್ತು. ನೀನೂ ತಿದ್ದು. ಕಾಗದ ಒಪ್ಪಿದರೆ ಆಯ್ತು."

"ಕಾಗದ ಒಪ್ಪುತ್ತೆ ಅಣ್ಣ. ನೀರು ಒಪ್ಪಲ್ಲ."

ಇಲ್ಲಿಗೆ ಬಂದಾಗ ಮೇಷ್ಟ್ರು ಪ್ರತಿ ಸಲವೂ ಕನ್ನಡಕ ತೆಗೆಯುತ್ತಾರೆ. "ಹೇಳಿದವನು ಯಾರು? ವರ್ಷದಿಂದ ಕೆಲಸವಿಲ್ಲದವನು ಕಣಮ್ಮ. ಎಂಥ ಎದೆಗಾರ!" ಎಂದು ತಲೆದೂಗುತ್ತಾರೆ.

ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಹೆಸರುವಾಸಿ ಪಟೇಲನಿಗೆ ಒಪ್ಪಿಸಿದ. ಇನ್ನೊಬ್ಬ, ತನಗೆ ಎರಡು ಬೆರಳು ಹೆಚ್ಚು ಬಂದಿದೆ, ಎಲ್ಲಿ ತಪ್ಪಿದೆನೋ ತಿಳಿಯಲಿಲ್ಲ, ಇನ್ನೊಮ್ಮೆ ಅಳೆಯಲು ಬಿಡಿ, ಇಲ್ಲವೇ ಕೆಲಸ ಬೇರೆಯವರಿಗೆ ಕೊಡಿ ಎಂದ.

ಪಟೇಲ ಇಬ್ಬರನ್ನೂ ತೂಬಿನ ಬಳಿ ಕರೆದೊಯ್ದ. ಬಗ್ಗಿ, ಆ ಕಲ್ಲನ್ನು ಒಂದು ಕೈಯಿಂದ ಓರೆ ಮಾಡಿ, ಅಡಿಯಿಂದ ಚಪ್ಪಟೆ ಕಲ್ಲೊಂದನ್ನು ಎಳೆದ. ಸರಿಯಾಗಿ ಎರಡು ಬೆರಳು ದಪ್ಪ.

"ನೀವು ಅತ್ತ ಬೆನ್ನು ತಿರುಗಿಸಿದ ಮೇಲೆ ನಾನೇ ತೂರಿಸಿದೆ" ಎಂದ. ಕಾಲುವೆಯ ಕೆಲಸವನ್ನು ಎರಡು ಬೆರಳು ಮುಚ್ಚಿಡದವನಿಗೆ ಕೊಟ್ಟ.

ಆ ಕೊನೆಯ ಹೊಲಕ್ಕೆ ಇಂದಿಗೂ ನೀರು ಹರಿಯುತ್ತಿದೆ, ಕಣ್ಣಾರೆ ನೋಡಿದ್ದೇನೆ ಎಂದು ಮೇಷ್ಟ್ರು ಆಣೆ ಮಾಡುತ್ತಾರೆ. ಯಾವ ಊರು ಎಂದು ಕೇಳಿದರೆ ಅವರಿಗೆ ಕೆಮ್ಮು ಬರುತ್ತದೆ.

ಸಿಂಚನಾ ನಕ್ಕಳು. "ಕತೆ ಚೆನ್ನಾಗಿದೆ ಸಾರ್. ಈಗ ಸಹಿ?"

ಮೇಷ್ಟ್ರು ರೆಕಾರ್ಡಿನ ಕೊನೆಯ ಪುಟಕ್ಕೆ ಹೋದರು. ಹೊರಟ ಎತ್ತರ, ಮರಳಿದ ಎತ್ತರ, ವ್ಯತ್ಯಾಸ ಸೊನ್ನೆ. ಸೊನ್ನೆಯನ್ನು ಬಹಳ ದುಂಡಗೆ ಬರೆಯಲಾಗಿತ್ತು.

"ನಿನ್ನೆ ನೀವು ಹಾಸ್ಟೆಲ್ ಕಡೆ ತಿರುಗಿದ ಮೇಲೆ, ಬೇವಿನ ಮರದಡಿಯ ಕಲ್ಲನ್ನ ನಾನೂ ಒಂಚೂರು ಎತ್ತಿಸಿದ್ದೆ ಕಣಮ್ಮ."

ಸಿಂಚನಾ ರೆಕಾರ್ಡನ್ನು ವಾಪಸ್ ಪಡೆಯಲು ಕೈ ಚಾಚಿದಳು.