ಕುಂಬಾರ ಗುಡಾಣ ಬಡಿದದ್ದು

"ಗುರುಗಳೇ, ನಾಳೆ ಮಂತ್ರಿಗಳ ಸಭೆಯಲ್ಲಿ ನಾವೆಲ್ಲ ಎದ್ದು ಗಲಾಟೆ ಮಾಡಬೇಕೆಂದಿದ್ದೇವೆ. ಅವರ ಒಂದು ಮಾತೂ ಯಾರಿಗೂ ಕೇಳಿಸಬಾರದು, ಹಾಗೆ. ಸಭೆಯಲ್ಲಿ ಕೂಗಾಡುವುದು ತಪ್ಪೇ?" ಎಂದು ಶಿಷ್ಯ ಮಾದಲಿಂಗ ಕೇಳಿದ.

ಗುರುಗಳು ಕಾಲು ಚಾಚಿ ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಗೌಡ. ಅವನು ಮಾತಿಗೆ ನಿಂತರೆ ಎದುರು ಕೂತವರ ಗಡ್ಡ ಬೆಳೆದು ಮೊಣಕಾಲಿಗೆ ಬರುತ್ತಿತ್ತು. ಗೌಡ ಕೂರುವ ತನಕ ಬೇರೆಯವರು ಮಾತಿಗೆ ಏಳಬಾರದು, ದೀಪ ಹಚ್ಚುವ ಹೊತ್ತಾದರೆ ಸಭೆ ಮುಗಿಯಿತು. ಅದು ಆ ಊರಿನ ಕಟ್ಟಳೆ. ಗೌಡ ಸರಿಯಾಗಿ ದೀಪ ಹಚ್ಚುವ ಹೊತ್ತಿಗೇ ಕೂರುತ್ತಿದ್ದ.

ಕೆರೆಗೆ ಹೋಗುವ ದಾರಿಯನ್ನು ಬೇಲಿ ಹಾಕಿ ತನ್ನ ತೋಟಕ್ಕೆ ಸೇರಿಸಿಕೊಳ್ಳಲು ಗೌಡ ಹೊಂಚು ಹಾಕಿದ್ದ. ಈ ಸುದ್ದಿ ಒಬ್ಬ ಕುಂಬಾರನ ಕಿವಿಗೆ ಮಾತ್ರ ಬಿದ್ದಿತ್ತು. ದಾರಿ ಹೋದರೆ ಅವನಿಗೆ ಕೆರೆಯ ಮಣ್ಣಿಲ್ಲ, ಮಣ್ಣಿಲ್ಲದಿದ್ದರೆ ಗಂಜಿಯಿಲ್ಲ. ಕುಂಬಾರ ಸಭೆ ಸಭೆಗೂ ಕೈಕಟ್ಟಿ ಕೂತ. ಸರದಿ ಬರಲೇ ಇಲ್ಲ. ಕೊನೆಗೆ ರೇಗಿ, ದೊಡ್ಡದೊಂದು ಮಣ್ಣಿನ ಗುಡಾಣ ಹೊತ್ತು ತಂದು, ಗೌಡ ಬಾಯಿ ತೆರೆಯುತ್ತಲೇ ಢಂ ಎಂದು ಬಡಿದ. ಅದೇನು ಸದ್ದು! ಪಕ್ಕದೂರಿನ ಎತ್ತುಗಳು ಹಗ್ಗ ಕಿತ್ತುಕೊಂಡು ಓಡಿದವು. ಗೌಡನ ರುಮಾಲು ತಲೆಯ ಮೇಲೇ ಒಂದು ಸುತ್ತು ತಿರುಗಿತು.

"ಏನಯ್ಯಾ, ಸಭೆಯ ಮರ್ಯಾದೆ ಗೊತ್ತಿಲ್ಲವೇ?" ಎಂದ ಗೌಡ.

"ಮರ್ಯಾದೆಯಿಂದ ಕೂತೂ ಕೂತೂ ನೆಲದಲ್ಲಿ ಬೇರು ಬಿಟ್ಟೆ, ಗೌಡ್ರೇ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಮ್ಮನಾದರು. ಗೌಡನೂ ಸುಮ್ಮನೆ ನಿಂತ. ಎಲ್ಲರ ಕಣ್ಣು ಕುಂಬಾರನ ಮೇಲೆ. ಅವನಿಗೋ ಆ ನಗುವಿನ ರುಚಿ ಹತ್ತಿಬಿಟ್ಟಿತ್ತು. ಮತ್ತೆ ಬಡಿದ. ಮತ್ತೆ ನಗು. ದೀಪ ಹಚ್ಚುವ ತನಕ ಬಡಿದ. ಗೌಡ ಮನೆಗೆ ಹೋದ. ಜನ ಕುಂಬಾರನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಬೆಳಗ್ಗೆ ಕುಂಬಾರ ಮಣ್ಣು ತರಲು ಕತ್ತೆ ಹೊಡೆದುಕೊಂಡು ಹೋದರೆ ಕೆರೆಯ ದಾರಿಗೆ ಅಡ್ಡಲಾಗಿ ಬೇಲಿ.

"ನಿನ್ನೆ ಅಷ್ಟು ಜನ ನನ್ನ ಕಡೆ ಇದ್ದಿರಲ್ಲ, ಒಬ್ಬರೂ ತಡೆಯಲಿಲ್ಲವೇ?" ಎಂದು ನೆರೆಯವನನ್ನು ಹಿಡಿದು ಕೇಳಿದ.

ನೆರೆಯವನು ಕಣ್ಣು ಕಣ್ಣು ಬಿಟ್ಟ. "ನಿನ್ನ ಗೋಳು ಈ ದಾರಿಯದ್ದೇನೋ ಮಾರಾಯ? ಗುಡಾಣ ಎಷ್ಟು ಗಟ್ಟಿ ಅಂತ ತೋರಿಸೋಕೆ ಬಂದಿದ್ದೀಯ ಅಂದುಕೊಂಡೆವು. ನನ್ನ ಹೆಂಡತಿ ತನಗೂ ಒಂದು ಬೇಕು ಅಂತಿದ್ದಾಳೆ!"

ಮಾದಲಿಂಗ ಬಿದ್ದು ಬಿದ್ದು ನಕ್ಕ. "ಹಾಗಾದರೆ ಅವನು ಸುಮ್ಮನೆ ಕೂತಿರಬೇಕಿತ್ತೇ, ಗುರುಗಳೇ?"

"ಕೂತಿದ್ದರೂ ಬೇಲಿ ಏಳುತ್ತಿತ್ತು" ಎಂದರು ಗುರುಗಳು. "ನಾಳೆ ಮಂತ್ರಿ ಮಾತು ನಿಲ್ಲಿಸಿ, ಸಭೆಯೆಲ್ಲ ನಿನ್ನ ಕಡೆ ತಿರುಗಿದಾಗ ನೀನು ಏನು ಹೇಳುತ್ತೀಯ?"